ಹಚ್ಚೆ ಹಾಕಿರೋ ಮನುಷ್ಯರ ಚರ್ಮ ಮ್ಯೂಸಿಯಂನಲ್ಲಿ ಕೊಳೆಯದೆ ಹೇಗೆ ಉಳಿಯುತ್ತೆ?

ಕಾಫಿ_ಬ್ರೇಕ್:
ಲಂಡನ್ನಿನ ವೆಲ್‌ಕಮ್ ಅನ್ನೋ ಹಳೇ ವೈದ್ಯಕೀಯ ವಸ್ತುಗಳ ಸಂಗ್ರಹದ ಫೋಟೋ ನೋಡ್ತಾ ಕೂತಿದ್ದೆ, ಹಚ್ಚೆ ಇರೋ ಮನುಷ್ಯರ ಚರ್ಮದ ತುಂಡುಗಳೇ ಸುಮಾರು 300 ಇವೆಯಂತೆ. ಚರ್ಮ ಹಳದಿಗಟ್ಟಿದೆ, ಅಂಚೆಲ್ಲಾ ಅಲೆ ಅಲೆಯಾಗಿದೆ, ಆದ್ರೆ ಹಚ್ಚೆ ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತೆ. ನಮ್ಮ ಮಣಿಪಾಲದ ಅನಾಟಮಿ ಮ್ಯೂಸಿಯಂ ಥರ ಬಾಟ್ಲಿ, ದ್ರವ ಏನೂ ಇಲ್ಲ. ಇದು ಹೇಗೆ ಸಾಧ್ಯ? ಮತ್ತೆ ಇವರೆಲ್ಲಾ ಒಪ್ಪಿ ಕೊಟ್ಟಿದ್ದಾ?

ಪೆಥಾಲಜಿ_ಪಿಜಿ:
ಹಚ್ಚೆ ಶಾಯಿ ಇರೋದು ಮೇಲ್ಪದರದಲ್ಲಲ್ಲ, ಅದರ ಕೆಳಗಿನ ಡರ್ಮಿಸ್‌ನಲ್ಲಿ. ಮೇಲಿನದು ಉದುರಿ ಹೋಗ್ತಾನೇ ಇರುತ್ತೆ, ಕೆಳಗಡೆ ಮ್ಯಾಕ್ರೋಫೇಜ್ ಅನ್ನೋ ಜೀವಕೋಶಗಳು ಶಾಯಿ ಕಣಗಳನ್ನ ನುಂಗಿ ಕೂತಿರ್ತವೆ, ಒಂದು ಸತ್ರೆ ಅದು ಬಿಟ್ಟ ಶಾಯೀನ ಇನ್ನೊಂದು ನುಂಗುತ್ತೆ, ಫ್ರಾನ್ಸ್‌ನವರು 2018ರಲ್ಲಿ ಇಲಿ ಮೇಲೆ ಇದನ್ನ ತೋರಿಸಿದ್ರು. ಇನ್ನು ಕೊಳೆಯೋದಕ್ಕೆ ನೀರು ಬೇಕಲ್ವಾ, ಹಿಂದಿನ ಕೊಬ್ಬನ್ನ ಕೆರೆದು ತೆಗೆದು, ಹಲಗೆ ಮೇಲೆ ಎಳೆದು ಸುತ್ತಲೂ ಪಿನ್ ಹೊಡೆದು ಒಣಗಿಸಿಬಿಡ್ತಿದ್ರು. ಪಿನ್ ಇದ್ದ ಕಡೆ ಹಿಗ್ಗಿ, ಮಧ್ಯೆ ಮಧ್ಯೆ ಕುಗ್ಗಿ ಅಂಚು ಹಪ್ಪಳದ ಥರ ಆಗಿರೋದು ಅದಕ್ಕೇ.

ಹಳೇ_ಕಪಾಟು:
ಒಪ್ಪಿಗೆ ವಿಷಯಕ್ಕೆ ಬಂದ್ರೆ, ವೆಲ್‌ಕಮ್ ಪರವಾಗಿ ಊರೂರು ತಿರುಗಿ ವಸ್ತು ಕೊಳ್ತಿದ್ದ ಜಾನ್‌ಸ್ಟನ್-ಸೇಂಟ್ ಅನ್ನೋನು 1929ರಲ್ಲಿ ಪ್ಯಾರಿಸ್‌ನಲ್ಲಿ ಲಾ ವಲೆಟ್ ಅನ್ನೋನ ಹತ್ರ ಇವನ್ನ ಕೊಂಡ. ಹೆಚ್ಚಿನವು ಸೈನಿಕರು, ನಾವಿಕರು, ಜೈಲು ಕಂಡವರ ಚರ್ಮ ಅಂತಾರೆ, ಹೆಸರು ಬರೆದಿಟ್ಟಿಲ್ಲ, ಒಪ್ಪಿಗೆ ಎಲ್ಲಿಂದ ಬರ್ಬೇಕು. ಜಪಾನಿನ ಕಥೆ ಬೇರೆ. ಫುಕುಶಿ ಮಸಾಯಿಚಿ ಅನ್ನೋ ಪೆಥಾಲಜಿ ಡಾಕ್ಟ್ರು ಬದುಕಿದ್ದವರ ಜೊತೇನೇ ಮಾತಾಡ್ಕೊಂಡು, ದುಡ್ಡಿಲ್ಲದೆ ಹಚ್ಚೆ ಅರ್ಧಕ್ಕೇ ನಿಲ್ಲಿಸಿದವರಿಗೆ ದುಡ್ಡು ಕೊಟ್ಟು ಮುಗಿಸೋಕೆ ಹೇಳಿ, ಸತ್ತ ಮೇಲೆ ಚರ್ಮ ತಗೋತಿದ್ರು. ಬೆನ್ನು, ಎದೆ, ತೊಡೆ ಎಲ್ಲಾ ಸೇರಿ ಒಂದೇ ಇಡೀ ಚರ್ಮ, ಅಂಗಿ ಬಿಚ್ಚಿಟ್ಟ ಹಾಗೆ. ಅವರ ದಾಖಲೆಗಳಲ್ಲಿ ಬಹಳಷ್ಟು 1945ರ ಬಾಂಬ್ ದಾಳೀಲಿ ಹಾಳಾದ್ವು.

ಧಾರವಾಡ_ಫೇಡೆ:
ಅಲ್ರೀ, ಇಲ್ಲದಾವಗ ರೊಕ್ಕಾ ತೋರ್ಸಿ ಹ್ಞೂಂ ಅನಿಸ್ಕೊಂಡ್ರ ಅದಕ್ಕ ಒಪ್ಪಿಗಿ ಅಂತಾರೇನು? ಎಡಿನ್‌ಬರೋದಾಗ ಬರ್ಕ್ ಅಂತ ಒಬ್ಬಾವ ಇದ್ದ, ಹೇರ್ ಅನ್ನಾವನ ಕೂಡ ಸೇರಿ 16 ಮಂದೀನ ಕೊಂದು ಹೆಣಾ ಅನಾಟಮಿ ಡಾಕ್ಟರ್‌ಗೆ ಮಾರಿದಾವ. 1829ರಾಗ ಗಲ್ಲಿಗೆ ಹಾಕಿ, ಕೊಯ್ದು, ಅವನ ಚರ್ಮದ್ದು ಒಂದು ಪಾಕೆಟ್ ಬುಕ್ ಮಾಡ್ಯಾರ, ಸರ್ಜನ್ಸ್ ಹಾಲ್ ಮ್ಯೂಸಿಯಂನಾಗ ಇನ್ನೂ ಐತಿ. ಅವ ಪಾಪಿ ಖರೆ, ಆದ್ರ ಆ ಬುಕ್ ನೋಡಿ ಯಾವ ಡಾಕ್ಟರ್ ಏನ್ ಕಲೀತಾನ? ಹಾರ್ವರ್ಡ್‌ನವ್ರು ನೋಡ್ರಿ, ದವಾಖಾನ್ಯಾಗ ಸತ್ತ ಹೆಂಗಸಿನ ಚರ್ಮ ಒಬ್ಬ ಡಾಕ್ಟರ್ ಕೇಳಲಾರ್ದ ತಗೊಂಡು ತನ್ನ ಪುಸ್ತಕಕ್ಕ ಹಾಕಿದ್ದ ರಟ್ಟನ್ನ 2024ರಾಗ ಬಿಚ್ಚಿಟ್ರು.

ಪೆಥಾಲಜಿ_ಪಿಜಿ:
ಬರ್ಕ್ ವಿಷ್ಯದಲ್ಲಿ ನೀವು ಹೇಳಿದ್ದು ಸರಿ ಸರ್, ಅದು ಬರೀ ಸೇಡು. ಆದ್ರೆ ಹಚ್ಚೆ ಚರ್ಮಾನೂ ಅದೇ ಸಾಲಿಗೆ ಸೇರಿಸ್ಬೇಡಿ, ಹೆಸರಿಲ್ಲದ ಆ ಜನ ಬಿಟ್ಟುಹೋಗಿರೋದು ಅದೊಂದೇ. ಇಂಗ್ಲೆಂಡ್‌ನಲ್ಲಿ 2004ರ ಕಾನೂನು ಬಂದ ಮೇಲೆ ಹೊಸದಾಗಿ ದೇಹ ಪ್ರದರ್ಶನಕ್ಕಿಡೋಕೆ ಆ ವ್ಯಕ್ತಿ ಬದುಕಿದ್ದಾಗಲೇ ಬರೆದು ಕೊಟ್ಟಿರ್ಬೇಕು, ಸಾಕ್ಷೀನೂ ಬೇಕು, ಹಳೇ ಸಂಗ್ರಹಕ್ಕೆ ಮಾತ್ರ ಅದು ಅನ್ವಯಿಸಲ್ಲ.

ಕಾಫಿ_ಬ್ರೇಕ್:
ಥ್ಯಾಂಕ್ಸ್ ಎಲ್ರಿಗೂ. ಜಪಾನಿಂದು ಹೋಗಿ ನೋಡ್ಬಹುದಾ?

ಹಳೇ_ಕಪಾಟು:
ಟೋಕಿಯೋ ವಿವಿ ಮೆಡಿಕಲ್ ವಿಭಾಗದಲ್ಲಿದೆ, ಆದ್ರೆ ಸಾಮಾನ್ಯ ಜನಕ್ಕೆ ಬಾಗಿಲು ತೆಗೆಯಲ್ಲ.