ಫ್ರಿಜ್ಜಿನಿಂದ ತೆಗೆದ ಚಾಕಲೇಟ್ ಬೆಳ್ಳಗಾಗುವುದು ಯಾಕೆ?

ಪ್ರಶ್ನೆ (ಕಲ್ಯಾಣಪುರದಿಂದ): ನಮಸ್ಕಾರ ಸರ್. ಈ ಸಲ ಕ್ರಿಸ್ಮಸ್ಸಿನ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆಗೆ ಗೇರುಬೀಜದ ಚಾಕಲೇಟ್ ಮಾಡಿದೆ. ಡಾರ್ಕ್ ಚಾಕಲೇಟ್ ಕರಗಿಸಿ, ಅಚ್ಚಿಗೆ ಹೊಯ್ದು, ಫ್ರಿಜ್ಜಲ್ಲಿ ಇಟ್ಟೆ. ರಾತ್ರಿ ಚೆನ್ನಾಗಿತ್ತು. ಬೆಳಿಗ್ಗೆ ಹೊರಗೆ ತೆಗೆದಿಟ್ಟು ಇಗರ್ಜಿಗೆ ಹೋಗಿ ಬಂದೆ. ನೋಡಿದರೆ ಮೇಲೆಲ್ಲ ಬೂದಿ ಬಳಿದ ಹಾಗೆ ಆಗಿದೆ, ಬೆರಳಿಗೂ ಅಂಟುತ್ತದೆ. ಬೂಸ್ಟಾ? ಎಸೆಯಬೇಕಾ? ಎರಡನೇ ಸಲ ಕರಗಿಸುವಾಗ ಪೂರಾ ಮುದ್ದೆಯೇ ಆಯಿತು. ಅದು ಹಾಗೇ ಪಾತ್ರೆಯಲ್ಲಿ ಉಂಟು.

ಉತ್ತರ: ಎಸೆಯಬೇಡಿ ಅಕ್ಕ, ಬೂಸ್ಟಲ್ಲ. ಧೈರ್ಯವಾಗಿ ತಿನ್ನಿ.

ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ತಣ್ಣಗಿನ ಚಾಕಲೇಟ್ ಹೊರಗೆ ಬಂದ ಕೂಡಲೇ ಮೇಲೆ ಬೆವರುತ್ತದೆ. ಆ ನೀರು ಸಕ್ಕರೆಯನ್ನು ಕರಗಿಸಿ ಆರಿಹೋಗುತ್ತದೆ, ಬಿಳಿ ಸಕ್ಕರೆ ಮೇಲೆ ಉಳಿಯುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ತರಿತರಿ ಇದ್ದರೆ ಸಕ್ಕರೆ. ಜಿಡ್ಡು ಜಿಡ್ಡಾಗಿದ್ದರೆ ಕೊಕ್ಕೋ ಬೆಣ್ಣೆ ಮೇಲೆ ಬಂದಿದೆ ಎಂದರ್ಥ, ಅದು ಟೆಂಪರಿಂಗ್, ಅಂದರೆ ಕರಗಿದ ಚಾಕಲೇಟನ್ನು ತಣಿಸಿ ಹದವಾದ ಬಿಸಿಗೆ ತರುವುದು, ಸರಿಯಾಗದೆ ಬರುವುದು. ನಿಮ್ಮದು ಎರಡೂ ಆಗಿರಬಹುದು, ಸುಮ್ನೆ ಕರಗಿಸಿ ಹೊಯ್ದಿದ್ದೀರಿ ಅಲ್ವಾ?

ಡಾರ್ಕ್ ಚಾಕಲೇಟನ್ನು 45ರಿಂದ 50 ಡಿಗ್ರಿವರೆಗೆ ಕರಗಿಸಬೇಕು. ಆಮೇಲೆ 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ತರಬೇಕು. ಆಗಲೇ ಹೊಳಪು, ಮುರಿದಾಗ ಟಕ್ ಎನ್ನುವ ಸದ್ದು. ಮನೆಯಲ್ಲಿ ಸುಲಭದ ದಾರಿ: ಮೂರರಲ್ಲಿ ಎರಡು ಪಾಲು ಕರಗಿಸಿ ಒಲೆಯಿಂದ ಇಳಿಸಿ, ಉಳಿದ ಒಂದು ಪಾಲನ್ನು ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪವೇ ಹಾಕಿ ಕಲಸುತ್ತಾ ಇರಿ. 32 ಬಂದಾಗ ಚಾಕುವಿನ ತುದಿ ಅದ್ದಿ ಪಕ್ಕಕ್ಕಿಡಿ. ಐದು ನಿಮಿಷದಲ್ಲಿ ಗೆರೆ ಇಲ್ಲದೆ ಗಟ್ಟಿಯಾದರೆ ಅಚ್ಚಿಗೆ ಹೊಯ್ಯಿರಿ.

ಆದರೆ ಅಡುಗೆಮನೆಯಲ್ಲಿ ಬೇಡ ಮಾರಾಯ್ರೆ. ನಮ್ಮಲ್ಲಿ ಡಿಸೆಂಬರ್ ಮಧ್ಯಾಹ್ನವೂ 30 ದಾಟುತ್ತದೆ, ಅಲ್ಲಿ ಅದು ಗಟ್ಟಿಯಾಗುವುದು ಯಾವಾಗ? ಎಸಿ ಇರುವ ಕೋಣೆಗೆ ಒಯ್ಯಿರಿ, 20–22 ಇದ್ದರೆ ಒಳ್ಳೆಯದು. ಫ್ರಿಜ್ಜಿಗೆ ಇಡುವುದಾದರೆ ಹತ್ತು ಹದಿನೈದು ನಿಮಿಷ ಸಾಕು. ರಾತ್ರಿ ಪೂರಾ ಇಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿಡಿ. ತೆಗೆದ ಮೇಲೆ ಡಬ್ಬಿಯ ತಂಪು ಹೋಗುವವರೆಗೆ ಮುಚ್ಚಳ ತೆರೆಯಬೇಡಿ.

ಮುದ್ದೆಯಾದದ್ದು ನೀರಿನಿಂದ. ಕೆಳಗಿಟ್ಟ ಬಿಸಿನೀರಿನ ಪಾತ್ರೆಯ ಹಬೆಯೋ, ಒದ್ದೆ ಚಮಚವೋ, ಎರಡು ಹನಿ ಸಾಕು. ಇನ್ನದು ಅಚ್ಚಿಗೆ ಆಗದು. ಒಂದೊಂದೇ ಚಮಚ ಬಿಸಿ ಹಾಲು ಹಾಕಿ ಕಲಸಿ, ಸಾಸ್ ಆಗುತ್ತದೆ. ಸ್ವಲ್ಪ ನೀರು ಕೆಡಿಸುತ್ತದೆ, ಜಾಸ್ತಿ ನೀರು ಸರಿ ಮಾಡುತ್ತದೆ, ವಿಚಿತ್ರ ನೋಡಿ.

ಪ್ರಶ್ನೆ (ಸುರತ್ಕಲ್‌ನಿಂದ): ಸರ್, ಥರ್ಮಾಮೀಟರ್ ಇಲ್ಲ. ಅಂಗಡಿಯ ಕಾಂಪೌಂಡ್ ಚಾಕಲೇಟ್ ತಂದರೆ ಆಗದಾ?

ಉತ್ತರ: ಧಾರಾಳವಾಗಿ ಆಗುತ್ತದೆ. ಅದರಲ್ಲಿ ಕೊಕ್ಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ, ಟೆಂಪರಿಂಗ್ ಬೇಡ. ಮಕ್ಕಳ ಬರ್ತ್‌ಡೇಗೆ ನಾನೂ ಅದನ್ನೇ ಬಳಸುತ್ತೇನೆ. ರುಚಿ ಮಾತ್ರ ಒಂದು ಮೆಟ್ಟಿಲು ಕೆಳಗೆ, ಬಾಯಲ್ಲಿ ಮೇಣದ ಹಾಗೆ ನಿಲ್ಲುತ್ತದೆ.

ಪ್ರಶ್ನೆ (ಪುತ್ತೂರು ಕಡೆಯಿಂದ): ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೋ ಉಂಟು. ಕಾಯಿಯಿಂದಲೇ ಮನೆಯಲ್ಲಿ ಮಾಡಬಹುದಾ?

ಉತ್ತರ: ಮಾಡಬಹುದು ಅಣ್ಣ, ತಾಳ್ಮೆ ಬೇಕು. ಹಸಿ ಬೀಜವನ್ನು ಬಾಳೆಲೆ ಮುಚ್ಚಿ ಐದಾರು ದಿನ ಹುದುಗಿಸಬೇಕು, ನಡುವೆ ಮಗುಚಬೇಕು. ಇದನ್ನು ಬಿಟ್ಟರೆ ಚಾಕಲೇಟಿನ ಪರಿಮಳವೇ ಬಾರದು. ಬಿಸಿಲಲ್ಲಿ ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆಯಬೇಕು. ಮಿಕ್ಸಿಯಲ್ಲಿ ಎಷ್ಟು ಅರೆದರೂ ನಾಲಿಗೆಗೆ ತರಿ ಸಿಗುತ್ತದೆ. ಕಲ್ಲಿನ ಟಿಲ್ಟಿಂಗ್ ಗ್ರೈಂಡರ್ ಇದ್ದರೆ ಗಂಟೆಗಟ್ಟಲೆ ಬಿಡಿ, ನೀರು ಮಾತ್ರ ಹಾಕಬೇಡಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ನಿಮ್ಮೂರಲ್ಲೇ 1986ರಿಂದ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ ಉಂಟಲ್ಲ!

ಕಲ್ಯಾಣಪುರದ ಅಕ್ಕ: ಮುದ್ದೆಗೆ ಹಾಲು ಹಾಕಿದೆ ಸರ್, ಸಾಸ್ ಆಯಿತು. ಮಕ್ಕಳು ನೀರುದೋಸೆಗೆ ಸುರಿದುಕೊಂಡು ಖಾಲಿ ಮಾಡಿದರು. ಬೂದಿ ಬಳಿದದ್ದನ್ನು ಮಾತ್ರ ಯಾರೂ ಮುಟ್ಟುತ್ತಿಲ್ಲ.

ಉತ್ತರ: ಅದನ್ನೂ ಹೆಚ್ಚಿ ಕೇಕಿನ ಹಿಟ್ಟಿಗೆ ಹಾಕಿ ಅಕ್ಕ. ಯಾರಿಗೂ ಗೊತ್ತಾಗದು.