ಗುಳಿಯೆದೆ ಅನ್ನಬಹುದಾ?

ಒಂದು ಪದದ ವಿಷಯ ಕೇಳ್ಬೇಕಿತ್ತು, ಸ್ವಲ್ಪ ಉದ್ದ ಆಗ್ತದೆ. ನಾವು ಕಾಸರಗೋಡಿನ ಬದಿಯಡ್ಕದ ಹತ್ರದವರು. ತಂಗಿಯ ಮಗನಿಗೆ 13 ವರ್ಷ, ಅವನ ಎದೆಯ ನಡು ಎಲುಬು ಸಣ್ಣದಿರುವಾಗಲೇ ಚೂರು ಒಳಗಿತ್ತು, ಈಗ ಎತ್ತರ ಬೆಳೆದ ಹಾಗೆ ಇನ್ನೂ ಒಳಗೆ ಹೋಗಿ ಮಲಗಿದ್ರೆ ಅಲ್ಲೊಂದು ಮುಷ್ಟಿ ಕೂರುವಷ್ಟು ಹೊಂಡ ಕಾಣ್ತದೆ. ಮಂಗಳೂರಲ್ಲಿ ತೋರಿಸಿದೆವು. ಪೆಕ್ಟಸ್ ಎಕ್ಸ್‌ಕವೇಟಮ್ ಅಂದ್ರು. ಪಕ್ಕೆಯಿಂದ ಬಗ್ಗಿಸಿದ ಸ್ಟೀಲ್ ಪಟ್ಟಿ ತೂರಿಸಿ ಎಲುಬನ್ನು ಒಳಗಿಂದ ಎತ್ತಿ ಹಿಡಿಯುದಂತೆ, ಎರಡು ಮೂರು ವರ್ಷ ಬಿಟ್ಟು ಪಟ್ಟಿ ತೆಗೆಯುದು, ಡೊನಾಲ್ಡ್ ನಸ್ ಅಂತ ಅಮೆರಿಕದ ಸರ್ಜನ್ 1987ರಲ್ಲಿ ಶುರು ಮಾಡಿದ ಕ್ರಮ. ಅದಕ್ಕೆ ಮೊದಲು ಟೆಸ್ಟುಗಳು ತುಂಬಾ ಉಂಟು.

ಆ ಟೆಸ್ಟುಗಳ ಫಾರ್ಮಿನಲ್ಲಿ ಕನ್ನಡದಲ್ಲಿ "ಎದೆಗೋಡೆಯ ವಿಕೃತಿ" ಅಂತ ಅಚ್ಚು ಹಾಕಿದ್ದಾರೆ. ಹುಡುಗ ಕನ್ನಡ ಮೀಡಿಯಂ, ಸೀಟಿ ಸ್ಕ್ಯಾನಿನ ಹೊರಗೆ ಬೆಂಚಲ್ಲಿ ಕೂತು ಬೆರಳಿಟ್ಟು ಓದಿದ, ಮತ್ತೆ ಮೆಲ್ಲ ಕೇಳಿದ, "ಮಾವಾ, ಹಾಗಾದ್ರೆ ನಾನು ವಿಕೃತನಾ?" ಪೇಪರಲ್ಲಿ ಆ ಶಬ್ದ ಎಂಥವರ ಬಗ್ಗೆ ಬರುದು ಅಂತ ಅವನಿಗೆ ಗೊತ್ತುಂಟು. ನನಗೆ ಬಾಯಿ ಕಟ್ಟಿತು. ಅವತ್ತಿಂದ ಇದೇ ತಲೆಯಲ್ಲಿ.

ಎದೆಗೋಡೆ ಇಂಗ್ಲಿಷಿಂದ ಎತ್ತಿ ತಂದದ್ದು, ನಮ್ಮಲ್ಲಿ ಎದೆಗೂಡು ಅಂತ ಚಂದದ ಮಾತು ಇರುವಾಗ ಯಾಕೆ ಗೊತ್ತಿಲ್ಲ. ಕಷ್ಟ ಇರುದು ಒಳಗೆ ಹೋದದ್ದಕ್ಕೆ ಏನನ್ನುದು ಅಂತ. "ಕುಂದಿದ ಎದೆ" ಅಂತ ಯೋಚಿಸಿದೆ, ಆದ್ರೆ ಎದೆಗುಂದು ಅಂದ್ರೆ ಧೈರ್ಯ ಹೋಗುದು ಅಂತಲೇ ಆಗಿಬಿಟ್ಟಿದೆ, ಎದೆ ಉಬ್ಬಿಸಿದವ ಶೂರ, ಎದೆಗಾರಿಕೆ ಇದ್ದವ ಗಟ್ಟಿಗ, ಅಂದ್ರೆ ಭಾಷೆಯೇ ಈ ಮಗುವಿನ ವಿರುದ್ಧ ನಿಂತ ಹಾಗೆ ಅನ್ನಿಸ್ತದೆ. ತುಳುವಿನಲ್ಲಿ ಎದೆಗೆ ತಿಗಲೆ ಅಂತಾರೆ, ಆ ಮಾತಿನಲ್ಲಿ ಈ ಭಾರ ಅಷ್ಟು ಇಲ್ಲ ಅಂತ ನನ್ನ ಅಂದಾಜು, ಬಲ್ಲವರು ಹೇಳ್ಬೇಕು.

ಟೆಸ್ಟುಗಳ ಹೆಸರಲ್ಲಿ ಮನೆಯವರೇ ದಾರಿ ಹುಡುಕಿದ್ದಾರೆ. ಪಿಎಫ್‌ಟಿ ಅಂದ್ರೆ "ಊದುವ ಟೆಸ್ಟ್", ಮೂಗಿಗೆ ಕ್ಲಿಪ್ ಹಾಕಿ ಕೊಳವೆಗೆ ಉಸಿರು ಪೂರ್ತಿ ಖಾಲಿಯಾಗುವವರೆಗೆ ಊದುದು. "ಶ್ವಾಸಕೋಶ ಕಾರ್ಯ ಪರೀಕ್ಷೆ" ಅಂದ್ರೆ ಅವ ಪಾಸಾ ಫೇಲಾ ಕೇಳ್ತಾನೆ. ಹೃದಯ ಒತ್ತಿಹೋಗಿದೆಯಾ, ವಾಲ್ವ್ ಸರಿ ಉಂಟಾ ನೋಡ್ಲಿಕ್ಕೆ ಎಕೋ, ಅದಕ್ಕೆ ಬೇರೆ ಹೆಸರು ಬೇಡ. ಸೀಟಿಯಲ್ಲಿ ಎದೆಗೂಡಿನ ಒಳಗಿನ ಅಡ್ಡ ಅಗಲವನ್ನು ಎದೆಯೆಲುಬಿಂದ ಬೆನ್ನೆಲುಬಿಗಿರುವ ಅಂತರದಿಂದ ಭಾಗಿಸುದು, ಇವನದ್ದು 22 ಸೆಂಟಿಮೀಟರನ್ನು 5.5ರಿಂದ, ಬಂದದ್ದು 4. ಸಾಮಾನ್ಯ ಎದೆಯಲ್ಲಿ 2.5ರ ಸುತ್ತಮುತ್ತ, 3.25 ದಾಟಿದ್ರೆ ಆಪರೇಶನಿನ ಮಾತು ಬರ್ತದೆ. ಅದು ಹಾಲರ್ ಇಂಡೆಕ್ಸ್, ಅವನ ಬಾಯಲ್ಲಿ "ಹಾಲರ್ ಲೆಕ್ಕ".

ಪಟ್ಟಿಯ ಸ್ಟೀಲಲ್ಲಿ ನಿಕ್ಕೆಲ್ ಇರ್ತದೆ, ಅದು ಮೈಗೆ ಆಗದಿದ್ರೆ ಟೈಟಾನಿಯಂ ಪಟ್ಟಿ ಹಾಕ್ಬೇಕು, ಹಾಗಾಗಿ ಬೆನ್ನಿಗೆ ಚಿಕ್ಕ ಚಿಕ್ಕ ಪ್ಯಾಚ್ ಅಂಟಿಸಿ ಎರಡು ದಿನ ನೀರು ತಾಗಿಸದೆ ಇಡುದು. ಅಜ್ಜಿಗೆ ಇದನ್ನು ಹೇಗೆ ಹೇಳುದು ಅಂತ ಇದ್ದೆ, ಅವರೇ "ಲೋಹ ನಂಜಾಗ್ತದಾ ನೋಡುದಲ್ವಾ" ಅಂದ್ರು. ಬದನೆ ನಂಜು ಅನ್ನುವ ಅದೇ ನಂಜು. ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಲಿಲ್ಲ. ಆದ್ರೆ ಮಲಯಾಳಂ ಮಾತಾಡುವ ನರ್ಸ್ "ನೆಂಜ್" ಅಂತ ಎದೆಯ ಬಗ್ಗೆ ಹೇಳಿದಾಗ ಅಜ್ಜಿ ನಂಜು ಅಂತ ಕೇಳಿಸಿಕೊಂಡು ಒಂದು ಗಂಟೆ ಹೆದರಿದ್ರು ಪಾಪ. ಘಟ್ಟದ ಮೇಲಿನವರಿಗೆ ನಂಜು ಅಂದ್ರೆ ಬರೀ ವಿಷವಾ, ಅಥವಾ ಮೈಗೆ ಆಗದ್ದು ಅಂತಲೂ ಬಳಕೆ ಉಂಟಾ?

ಮುಖ್ಯ ಪ್ರಶ್ನೆ ಇದು. ಗುಳಿಗೆನ್ನೆ ಅಂತೇವಲ್ಲ, ಅಲ್ಲಿ ಗುಳಿ ಅಂದ್ರೆ ಚಂದವೇ, ಕೊರತೆ ಅಲ್ಲ. ಅದೇ ಜಾಡಿನಲ್ಲಿ "ಗುಳಿಯೆದೆ" ಅಂದ್ರೆ ಕಿವಿಗೆ ಹೇಗೆ ಕೇಳ್ತದೆ? ನಿಮ್ಮ ಊರಲ್ಲಿ ಹಿರಿಯರು ಇಂಥ ಮಕ್ಕಳ ಎದೆಗೆ ಬೇರೆ ಏನಾದ್ರೂ ಹೇಳ್ತಿದ್ರಾ? ಫಾರ್ಮಿನಲ್ಲಿ ವಿಕೃತಿ ತೆಗೆದು ಬೇರೆ ಬರೆದ್ರೆ ತನಗೇನೂ ಅಡ್ಡಿಯಿಲ್ಲ ಅಂದಿದ್ದಾರೆ ಡಾಕ್ಟ್ರು. ತಂಗಿ ಸೈನ್ ಹಾಕುದು ಬರುವ ಗುರುವಾರ, ಅಷ್ಟರೊಳಗೆ ತಿಳಿಸಿ.