ಊರ ಕೆರೆ ಹೂಳಲ್ಲಿ ಕಪ್ಪು-ಕೆಂಪು ಪಟ್ಟೆ ಕಾಣ್ತಿದೆ, ಎಷ್ಟು ಹಳೇದು ಅಂತ ತಿಳಿಯುತ್ತಾ?

ಏರಿ ಮೇಲಿನವ:
ನಮ್ದು ಸಾಗರ ತಾಲ್ಲೂಕು, ಇಕ್ಕೇರಿ ಕಡೆ. ಊರ ಕೆರೆ ಹೂಳು ತೆಗೀತಾ ಇದಾರೆ, ಮೊನ್ನೆ ಜೆಸಿಬಿ ಕೊಚ್ಚಿದ ಜಾಗ ನೋಡಿದ್ರೆ ಎದೆ ಮಟ್ಟಕ್ಕೆ ಗೋಡೆ ತರ ನಿಂತಿದೆ, ಮೇಲೆ ಒಂದು ಮೊಳ ಕೆಂಪು ಜೇಡಿ, ಕೆಳಗೆ ಕಪ್ಪು ಗೋಡು (ಕೆರೆ ತಳದ ಹೂಳು ಮಣ್ಣು), ಮಧ್ಯ ಬೆರಳು ದಪ್ಪದ ಇದ್ದಿಲ ಗೆರೆ. ಕಪ್ಪು ಮಣ್ಣಲ್ಲಿ ಒಂದು ಎಲೆ ಸಿಕ್ತು ಮಾರಾಯ್ರೆ, ನರ ಎಲ್ಲ ಹಾಗೇ ಇತ್ತು, ಕೈಯಲ್ಲಿ ಹಿಡ್ಕೊಂಡು ಫೋಟೋ ತೆಗೆಯೋಷ್ಟ್ರಲ್ಲಿ ಮುದುಡಿ ಹೋಯ್ತು. ಕೆರೆ ಕೆಳದಿ ಅರಸರ ಕಾಲದ್ದು ಅಂತ ಅಜ್ಜ ಹೇಳ್ತಾರೆ. ಈ ಮಣ್ಣಿಂದ ಅದು ಗೊತ್ತಾಗುತ್ತಾ?

ಪರಾಗ ಪುರಾಣ:
ಗೊತ್ತಾಗುತ್ತೆ, ಆದ್ರೆ ಸ್ವಲ್ಪ ಕಿರಿಕಿರಿ ಇದೆ. ನೀರಡಿ ಗಾಳಿ ಸಿಗದೆ ಇದ್ರೆ ಎಲೆ ಕೊಳೆಯಲ್ಲ, ಅದಕ್ಕೇ ಕಪ್ಪು. ಹೂವಿನ ಪರಾಗದ ಹೊರಸಿಪ್ಪೆ ಅಂತೂ ಸಾವಿರಾರು ವರ್ಷ ಉಳಿಯುತ್ತೆ, ಮೈಕ್ರೋಸ್ಕೋಪಲ್ಲಿ ಎಣಿಸಿದ್ರೆ ಸುತ್ತ ಕಾಡಿತ್ತಾ ಬಯಲಿತ್ತಾ ಹೇಳಬಹುದು. ಭತ್ತ ಮಾತ್ರ ಕಷ್ಟ, ಹುಲ್ಲಿನ ಜಾತಿದೆಲ್ಲ ಪರಾಗ ನೋಡೋಕೆ ಒಂದೇ ತರ. ಮೇಲಿನ ಕೆಂಪು ಜೇಡಿ ಗುಡ್ಡದ ಮರ ಕಡಿದ ಮೇಲೆ ಕೊಚ್ಚಿ ಬಂದಿದ್ದು ಇರಬಹುದು.
ವಯಸ್ಸಿಗೆ, ಈಚಿನ ನೂರು-ನೂರೈವತ್ತು ವರ್ಷದ್ದಾದ್ರೆ ಸೀಸ-210 (ವಿಕಿರಣ ಸೂಸೋ ಸೀಸ), ಅದು 22 ವರ್ಷಕ್ಕೆ ಅರ್ಧ ಆಗ್ತಾ ಹೋಗುತ್ತೆ. ಅಣುಬಾಂಬ್ ಪರೀಕ್ಷೆಯ ಸೀಸಿಯಂ 1963ರ ಹೊತ್ತಿಗೆ ಅತಿ ಹೆಚ್ಚು ಬಿದ್ದಿದ್ದು, ಅದು ಸಿಕ್ಕಿದ್ರೆ ಗುರುತಿಗೆ ಒಂದು ಮೊಳೆ ಹೊಡೆದ ಹಾಗೆ. ಹಳೇದಕ್ಕೆ ಎಲೆ-ಕಡ್ಡಿಲಿರೋ ಕಾರ್ಬನ್-14, ಅದೂ ವಿಕಿರಣ ಸೂಸೋದೇ, ಅರ್ಧ ಆಗೋಕೆ 5730 ವರ್ಷ. ತಮಾಷೆ ಏನಂದ್ರೆ ಸುಮಾರು 1650ರಿಂದ ಈಚೆಗೆ ಅದು ಸರಿಯಾಗಿ ಉತ್ತರ ಕೊಡಲ್ಲ, ಒಂದೇ ಎಲೆಗೆ ಮೂರ್ನಾಲ್ಕು ಕಾಲ ತೋರಿಸುತ್ತೆ. ಕೆಳದಿಯವರ ಕೊನೇ ನೂರು ವರ್ಷ ಅಲ್ಲೇ ಸಿಕ್ಕಿ ಬೀಳುತ್ತೆ ನೋಡಿ.

ತೋಟದ ಮನೆ:
ಎಲ್ಲ ಸರಿ, ಒಂದು ಮರೀತಿದೀರಿ. ನಮ್ ಕಡೆ ಕೆರೆ ಗೋಡು ಬೇಸಿಗೇಲಿ ತೆಗ್ದು ಅಡಿಕೆ ಬುಡಕ್ಕೆ ಹಾಕೋದು ಅಜ್ಜನ ಕಾಲದಿಂದ ಇದೆ, ಅಪ್ಪ ಗಾಡಿ ಕಟ್ಟಿ ಹೊತ್ತಿದ್ದು ನಂಗೇ ನೆನಪಿದೆ. ನಿಮ್ಮ ಇತಿಹಾಸದ ಅರ್ಧ ನಮ್ಮ ತೋಟದಲ್ಲಿ ಅಡಿಕೆ ಆಗಿ ಮಾರಾಟ ಆಗಿದೆ 😄 ಇದ್ದಿಲು ಅಂದ ತಕ್ಷಣ ಕುಮರಿ ಬೇಸಾಯ (ಕಾಡು ಕಡಿದು ಸುಟ್ಟು ಬೆಳೆಯೋದು) ಅಂತ ಬರೀಬೇಡಿ, ಒಣಗಿದ ಕೆರೇಲಿ ಜೊಂಡಿಗೆ ಬೆಂಕಿ ಇಟ್ಟಿದ್ದೂ ಇರಬಹುದು.

ಪರಾಗ ಪುರಾಣ:
ಒಪ್ಪಿದೆ ಮಾರಾಯ್ರೆ, ಅದೇ ದೊಡ್ಡ ಸಮಸ್ಯೆ. ಗೋಡು ತೆಗೆದ ಕಡೆ ಪುಟಗಳೇ ಇಲ್ಲ, ಬೇಸಿಗೇಲಿ ಪೂರ್ತಿ ಒಣಗೋ ಕೆರೇಲಿ ಪರಾಗಾನೂ ಹಾಳಾಗುತ್ತೆ. ವರ್ಷವಿಡೀ ಒದ್ದೆ ಇರೋ ರಾಮಪತ್ರೆ ಜಡ್ಡಿ (ರಾಮಪತ್ರೆ ಮರ ಇರೋ ಕಾಡಿನ ಜೌಗು) ಇದಕ್ಕಿಂತ ಒಳ್ಳೇದು. ನೀಲಗಿರಿ ಬೆಟ್ಟದ ಜೌಗಿನ ಮಣ್ಣಲ್ಲಿ ಕಾರ್ಬನ್ ಅಳೆದು ಸುಮಾರು 20 ಸಾವಿರ ವರ್ಷದ ಮಳೆ-ಬರ ಹುಡುಕಿದಾರೆ.
ಏರಿಯವರೇ, ಆ ಗೋಡೆ ನಾಳೆ ಇರಲ್ಲ, ಇವತ್ತೇ ಹೋಗಿ. ಮುಖ ಕೆರೆದು ಹೊಸ ಮಣ್ಣು ಬರೋ ಹಾಗೆ ಮಾಡಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪು ನೆಟ್ಟಗೆ ಒತ್ತಿ, ಸುತ್ತ ಚಾಕುವಿಂದ ಕೊಯ್ದು ಒಟ್ಟಿಗೆ ತೆಗೀರಿ, ಮೇಲೆ-ಕೆಳಗೆ ಬರೆದು ಪ್ಲಾಸ್ಟಿಕ್ ಸುತ್ತಿ ಫ್ರಿಜ್ಜಲ್ಲಿ ಇಡಿ, ಫ್ರೀಜರ್ ಬೇಡ. ಎಲೆ-ಕಡ್ಡಿ ಬೇರೆ ಕವರಲ್ಲಿ, ವಯಸ್ಸಿಗೆ ಅದೇ ಬೇಕು, ಬರೀ ಮಣ್ಣಲ್ಲಿ ಗುಡ್ಡದ ಹಳೇ ಕಾರ್ಬನ್ ಸೇರಿರುತ್ತೆ. ಗೋಡೆ ಬುಡಕ್ಕೆ ಒಬ್ರೇ ಇಳೀಬೇಡಿ.

ಏರಿ ಮೇಲಿನವ:
ಮಣ್ಣು ತಗೊಂಡು ಬಂದೆ! ಡ್ರೈವರ್ ಅಣ್ಣ ಅರ್ಧ ಗಂಟೆ ಬಕೆಟ್ ನಿಲ್ಸಿ ಪಾಪ ಬೀಡಿ ಸೇದ್ತಾ ಕೂತ. ಎರಡು ಪೈಪು, ಇದ್ದಿಲ ಗೆರೆ ಮುರಿದಿಲ್ಲ. ಈಗ ಸಮಸ್ಯೆ ಬೇರೆ, ಮೊಸರಿನ ಪಕ್ಕ ಕೆಸರು ಎಂತಕ್ಕೆ ಅಂತ ಅಮ್ಮ ಪೈಪನ್ನ ಕೊಟ್ಟಿಗೆಗೆ ಹಾಕಿದಾರೆ. ಕೊಟ್ಟಿಗೆಲಿ ಎಷ್ಟು ದಿನ ತಡೆಯುತ್ತೆ?